ಅರಸನು ಸುಟ್ಟ ಸುರುಳಿ
(ಸತ್ಯವೇದದ ದೈವಪ್ರೇರಣೆಯನ್ನೂ ಅಧಿಕಾರವನ್ನೂ ಕುರಿತ ಪಾಠ)

ಓದತಕ್ಕ ಭಾಗಗಳು: ಯೆರೆಮೀಯ 36, 2 ಅರಸುಗಳು 22, 2 ತಿಮೊಥೆಯ 3:14-17, 2 ಪೇತ್ರ 1:19-21.



ಕಾರವಾರ ಅಂಕೋಲಾ ಸೀಮೆಯ ಸಭೆಗಳಲ್ಲಿ ನಾವು ಮನೆಮನೆಗೆ ಹೋಗಿ ವೇದಪಾಠ ನಡಿಸುವಾಗ ಒಂದು ಪ್ರಶ್ನೆಯು ಮೇಲಿಂದ ಮೇಲೆ ಕೇಳಬರುತ್ತದೆ. ಅಜ್ಜನ ಕಾಲದ ಸತ್ಯವೇದದಲ್ಲಿ ಒಂದು ವಚನವು ಒಂದು ರೀತಿಯಾಗಿದೆ. ಮೊಮ್ಮಗನು ಪೇಟೆಯಿಂದ ತಂದ ಹೊಸ ಪುಸ್ತಕದಲ್ಲಿ ಅದೇ ವಚನವು ಬೇರೆ ಮಾತುಗಳಲ್ಲಿದೆ. ಮೊಬೈಲ್ ಫೋನಿನಲ್ಲಿ ಓದುವ ಹುಡುಗನು ಅದನ್ನು ಮೂರನೆಯ ರೀತಿಯಲ್ಲಿ ಓದುತ್ತಾನೆ. ಇವುಗಳಲ್ಲಿ ದೇವರ ವಾಕ್ಯವು ಯಾವದು? ಮನುಷ್ಯರು ಬರೆದು ಮನುಷ್ಯರು ತಿದ್ದುತ್ತಾ ಬಂದ ಪುಸ್ತಕವನ್ನು ದೇವರ ಪುಸ್ತಕವೆಂದು ಹೇಗೆ ಕರೆಯಬಹುದು?

ಇದು ಹೊತ್ತುಗಳೆಯುವದಕ್ಕೆ ಕೇಳುವ ಪ್ರಶ್ನೆಯಲ್ಲ. ನಮ್ಮಲ್ಲಿ ಅನೇಕರು ಈ ಪುಸ್ತಕದ ಮಾತನ್ನು ನಂಬಿ ನೆಂಟರ ಮನೆಯ ಬಾಗಿಲನ್ನು ಕಳಕೊಂಡಿದ್ದಾರೆ. ಈ ಮಾತಿನ ಮೇಲೆಯೇ ಮಕ್ಕಳ ಮದುವೆಯನ್ನು ಮಾಡಿದ್ದಾರೆ, ಸತ್ತವರನ್ನು ನಿರೀಕ್ಷೆಯಿಂದ ಮಣ್ಣಿಗೆ ಒಪ್ಪಿಸಿದ್ದಾರೆ. ದೋಣಿಯ ಹಲಗೆ ಗಟ್ಟಿಯೋ ಅಲ್ಲವೋ ಎಂದು ದಡದಲ್ಲಿ ಕೂತವನು ಕೇಳುವದು ಬೇರೆ, ನಡುಸಮುದ್ರದಲ್ಲಿರುವವನು ಕೇಳುವದು ಬೇರೆ. ಆದದರಿಂದ ಹೀಗೆ ಕೇಳುವವರನ್ನು ಗದರಿಸಿ ಬಾಯಿ ಮುಚ್ಚಿಸತಕ್ಕದ್ದಲ್ಲ. ಅವರಿಗೆ ತಾಳ್ಮೆಯಿಂದ ಉತ್ತರ ಕೊಡತಕ್ಕದ್ದು.

ಈ ಪಾಠದಲ್ಲಿ ನಾವು ತೋರಿಸಬೇಕೆಂದಿರುವದು ಒಂದೇ ಸಂಗತಿ. ಸತ್ಯವೇದದ ಅಧಿಕಾರವು ಕಾಗದದಲ್ಲಿಯೂ ಮಸಿಯಲ್ಲಿಯೂ ಒಂದು ಮುದ್ರಣದ ಅಕ್ಷರಗಳಲ್ಲಿಯೂ ನಿಂತದ್ದಲ್ಲ. ಅದರ ಮೂಲಕ ಮಾತಾಡುವ ದೇವರಲ್ಲಿಯೇ ನಿಂತದೆ. ಆದದರಿಂದ ಸುಟ್ಟರೆ ಅದು ಇಲ್ಲದೆ ಹೋಗುವದಿಲ್ಲ. ಪಟ್ಟೆವಸ್ತ್ರದಲ್ಲಿ ಸುತ್ತಿಟ್ಟರೆ ಅದಕ್ಕೆ ಮಾನ ಬರುವದೂ ಇಲ್ಲ. ಕೇಳಿ ಅದರಂತೆ ನಡೆದರೆ ಮಾತ್ರ ಅದನ್ನು ಮಾನಿಸಿದ ಹಾಗಾಯಿತು. ಇದನ್ನು ಯೆರೆಮೀಯನ ಗ್ರಂಥದ 36ನೆಯ ಅಧ್ಯಾಯದಿಂದ ಕಲಿಯೋಣ.

1. ಸುರುಳಿಯನ್ನು ಬರೆದವರು

ಯೆಹೂದದ ಅರಸನಾದ ಯೆಹೋಯಾಕೀಮನ ನಾಲ್ಕನೆಯ ವರುಷದಲ್ಲಿ, ಅಂದರೆ ಕ್ರಿಸ್ತನು ಹುಟ್ಟುವದಕ್ಕೆ ಸುಮಾರು 600 ವರುಷಗಳ ಮುಂಚೆ, ಯೆರೆಮೀಯನು ಅಷ್ಟು ಕಾಲ ಸಾರಿದ್ದನ್ನೆಲ್ಲಾ ಒಂದು ಸುರುಳಿಯಲ್ಲಿ ಬರೆಯಬೇಕೆಂದು ದೇವರಿಂದ ಅಪ್ಪಣೆಯಾಯಿತು. ಅವನು ನೇರೀಯನ ಮಗನಾದ ಬಾರೂಕನನ್ನು ಕರೆಸಿ ಹೇಳುತ್ತಾ ಹೋದನು. ಬಾರೂಕನು ಬರೆಯುತ್ತಾ ಹೋದನು. ಪ್ರವಾದಿಗೆ ದೇವಾಲಯಕ್ಕೆ ಹೋಗುವದಕ್ಕೆ ಅಡ್ಡಿಯಿದ್ದದರಿಂದ ಬಾರೂಕನೇ ಉಪವಾಸದ ದಿನದಲ್ಲಿ ಅಲ್ಲಿಗೆ ಹೋಗಿ ಕೂಡಿಬಂದ ಜನರೆಲ್ಲರ ಮುಂದೆ ಓದಿದನು. ಈ ಸುದ್ದಿ ಅರಮನೆಯ ಪ್ರಧಾನರಿಗೆ ಮುಟ್ಟಲು ಅವರು ಅವನನ್ನು ಕರೆಸಿ ಓದಿಸಿದರು. ಕೇಳಿ ಹೆದರಿ ಒಬ್ಬರ ಮುಖವನ್ನೊಬ್ಬರು ನೋಡಿದರು. ಆಮೇಲೆ ಇದನ್ನೆಲ್ಲಾ ಹೇಗೆ ಬರೆದೆ ಎಂದು ವಿಚಾರಿಸಿದರು. ಪ್ರವಾದಿಯು ಬಾಯಿಂದ ಹೇಳಿದನು, ತಾನು ಮಸಿಯಿಂದ ಬರೆದೆನು ಎಂಬದೇ ಬಾರೂಕನ ಉತ್ತರವಾಗಿತ್ತು.

ಈ ಉತ್ತರವನ್ನು ಗಮನಿಸಿರಿ. ಪುಸ್ತಕವು ಆಕಾಶದಿಂದ ಬಿದ್ದಿತೆಂದು ಅವನು ಹೇಳಲಿಲ್ಲ. ಬಾಯಿ ಮನುಷ್ಯನದು, ಕೈ ಮನುಷ್ಯನದು, ಮಸಿಯೂ ಮನುಷ್ಯರು ಅರೆದದ್ದೇ. ಆದರೆ ವಾಕ್ಯವು ಯೆಹೋವನದು. ಇದನ್ನೇ ನಾವು ದೈವಪ್ರೇರಣೆ ಎನ್ನುತ್ತೇವೆ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ವೇದವಾಕ್ಯವನ್ನು ಕುರಿತು ಉಪಯೋಗಿಸಿದ ಗ್ರೀಕ್ ಮಾತಿಗೆ ದೇವರು ಊದಿದ್ದು, ದೇವರ ಉಸಿರಿನಿಂದ ಬಂದದ್ದು ಎಂದು ಅರ್ಥ. ಪೇತ್ರನಾದರೋ ಪ್ರವಾದಿಗಳು ಪವಿತ್ರಾತ್ಮನಿಂದ ಒಯ್ಯಲ್ಪಟ್ಟವರಾಗಿ ದೇವರ ಕಡೆಯಿಂದ ಮಾತಾಡಿದರೆಂದು ಬೋಧಿಸುತ್ತಾನೆ. ಅವನು ಅಲ್ಲಿ ಉಪಯೋಗಿಸಿದ ಕ್ರಿಯಾಪದವನ್ನೇ ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯದಲ್ಲಿ ಗಾಳಿಯು ಹಡಗನ್ನು ಒಯ್ದ ಸಂಗತಿಗೂ ಉಪಯೋಗಿಸಿದೆ. ಕರಾವಳಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಒಂದೇ ಗಾಳಿ ಹತ್ತು ಹಾಯಿದೋಣಿಗಳನ್ನು ಒಯ್ಯುತ್ತದೆ. ಆದರೂ ಪ್ರತಿಯೊಂದು ದೋಣಿಗೆ ಅದರದರ ಆಕಾರವೂ ಅದರದರ ಓಟವೂ ಉಂಟು.

ಹೀಗೆಯೇ ಆಮೋಸನು ದನಕುರಿಗಳನ್ನು ಕಾಯುವವನಾಗಿದ್ದದರಿಂದ ಅವನ ಮಾತಿನಲ್ಲಿ ಸಿಂಹದ ಗರ್ಜನೆಯೂ ಹಿಂಡಿನ ವಾಸನೆಯೂ ಇವೆ. ಲೂಕನು ಆರಂಭದಿಂದ ಎಲ್ಲವನ್ನು ಚೆನ್ನಾಗಿ ವಿಚಾರಿಸಿ ಕ್ರಮವಾಗಿ ಬರೆದೆನೆಂದು ತಾನೇ ತಿಳಿಸುತ್ತಾನೆ. ಆತ್ಮನು ಅವನಿಗೆ ವಿಚಾರಿಸುವ ಶ್ರಮವನ್ನು ತಪ್ಪಿಸಲಿಲ್ಲ. ಪೌಲನು ಸೆರೆಯಲ್ಲಿರುವಾಗ ತಾನು ಬಿಟ್ಟುಬಂದ ಕಂಬಳಿಯನ್ನೂ ಪುಸ್ತಕಗಳನ್ನೂ ತರಬೇಕೆಂದು ಬರೆದದ್ದು ಸಹ ವೇದದಲ್ಲಿ ಸೇರಿದೆ. ಬರೆದವನ ಚಳಿಯನ್ನೂ ಕಣ್ಣೀರನ್ನೂ ದೇವರು ಅಳಿಸಿಬಿಡಲಿಲ್ಲ. ಮೈಮೇಲೆ ಬಂದು ಬುದ್ಧಿ ತಪ್ಪಿ ನುಡಿಯುವ ನುಡಿಗೂ ಇದಕ್ಕೂ ಇರುವ ಭೇದವನ್ನು ನಮ್ಮ ಜನರು ತಿಳುಕೊಳ್ಳತಕ್ಕದ್ದು. ದೇವರು ಮನುಷ್ಯನ ಬುದ್ಧಿಯನ್ನು ಕೆಡಿಸಿ ಮಾತಾಡುವವನಲ್ಲ. ಅದನ್ನು ಶುದ್ಧಮಾಡಿ ಅದರ ಮೂಲಕ ಮಾತಾಡುವವನು.

ನಮ್ಮ ಸತ್ಯವೇದದಲ್ಲಿ ಹಳೆಯ ಒಡಂಬಡಿಕೆಯ 39, ಹೊಸ ಒಡಂಬಡಿಕೆಯ 27, ಒಟ್ಟು 66 ಪುಸ್ತಕಗಳಿವೆ. ಹಳೆಯದು ಹೆಚ್ಚಾಗಿ ಇಬ್ರಿಯ ಭಾಷೆಯಲ್ಲಿಯೂ ಕೆಲವು ಭಾಗಗಳು ಅರಾಮ್ಯ ಭಾಷೆಯಲ್ಲಿಯೂ, ಹೊಸದು ಗ್ರೀಕ್ ಭಾಷೆಯಲ್ಲಿಯೂ ಬರೆಯಲ್ಪಟ್ಟವು. ಅರಸರೂ ಬೆಸ್ತರೂ ಯಾಜಕರೂ ಅನೇಕ ಶತಮಾನಗಳ ಅವಧಿಯಲ್ಲಿ ಇವುಗಳನ್ನು ಬರೆದರು. ಕಾರವಾರದ ದಡದಲ್ಲಿ ರಂಪಣಿ ಬಲೆ ಎಳೆಯುವದನ್ನು ನೋಡಿದವರಿಗೆ ಇದರ ಗುಟ್ಟು ತಿಳಿಯುವದು. ಈ ಕೊನೆಯ ಹಗ್ಗ ಹಿಡಿದವರು ಆ ಕೊನೆಯವರಿಂದ ಬಹು ದೂರದಲ್ಲಿರುತ್ತಾರೆ. ಆದರೂ ಬಲೆ ಒಂದೇ, ಅದು ಬಂದು ಸೇರುವ ಸ್ಥಳವೂ ಒಂದೇ. ಪ್ರವಾದಿಗಳು ಒಂದು ಕಡೆಯಿಂದಲೂ ಅಪೊಸ್ತಲರು ಇನ್ನೊಂದು ಕಡೆಯಿಂದಲೂ ಎಳೆದ ಬಲೆಯು ಕರ್ತನಾದ ಯೇಸು ಕ್ರಿಸ್ತನ ಪಾದದ ಬಳಿಯಲ್ಲಿ ಕೂಡಿತು.

2. ಬಟ್ಟೆ ಹರಿದ ತಂದೆ, ಪುಸ್ತಕ ಹರಿದ ಮಗ

ಆಮೇಲೆ ಸುರುಳಿಯು ಅರಸನ ಬಳಿಗೆ ಹೋಯಿತು. ಅದು ಚಳಿಗಾಲವಾಗಿತ್ತು, ಅರಸನು ಅಗ್ಗಿಷ್ಟಿಕೆಯ ಮುಂದೆ ಕೂತಿದ್ದನು. ಯೆಹೂದಿ ಎಂಬ ಹೆಸರಿನವನು ಮೂರು ನಾಲ್ಕು ಅಂಕಣ ಓದಿದ ಕೂಡಲೆ ಆ ಭಾಗವನ್ನು ಲೇಖಕನ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕಲಾಯಿತು. ಹೀಗೆ ಸುರುಳಿಯೆಲ್ಲಾ ಬೂದಿಯಾಯಿತು. ಸುಡಬೇಡವೆಂದು ಪ್ರಧಾನರಲ್ಲಿ ಮೂವರು ಬೇಡಿಕೊಂಡರೂ ಅರಸನು ಕೇಳಲಿಲ್ಲ. ಅವನೂ ಅವನ ಸೇವಕರೂ ಹೆದರಲಿಲ್ಲ, ಬಟ್ಟೆ ಹರಕೊಳ್ಳಲೂ ಇಲ್ಲ ಎಂದು ಪ್ರವಾದಿಯ ಗ್ರಂಥವು ತಿಳಿಸುತ್ತದೆ.

ಬಟ್ಟೆಯ ಮಾತು ಇಲ್ಲಿ ಯಾಕೆ ಬಂತು? ಈ ಯೆಹೋಯಾಕೀಮನು ಯೋಷೀಯನ ಮಗನು. ಯೋಷೀಯನ ಕಾಲದಲ್ಲಿ ದೇವಾಲಯವನ್ನು ದುರಸ್ತಿಮಾಡುವಾಗ ಮಹಾಯಾಜಕನಾದ ಹಿಲ್ಕೀಯನಿಗೆ ಧರ್ಮೋಪದೇಶದ ಗ್ರಂಥವು ಸಿಕ್ಕಿತು. ಲೇಖಕನಾದ ಶಾಫಾನನು ಅದನ್ನು ಅರಸನ ಮುಂದೆ ಓದಲು ಅರಸನು ತನ್ನ ಬಟ್ಟೆಯನ್ನು ಹರಕೊಂಡು ಅತ್ತನು. ತಂದೆಯು ವಾಕ್ಯವನ್ನು ಕೇಳಿ ತನ್ನನ್ನು ಅದರ ಕೆಳಗೆ ಇಟ್ಟುಕೊಂಡನು. ಮಗನು ವಾಕ್ಯವನ್ನು ಕೇಳಿ ಅದನ್ನು ತನ್ನ ಚೂರಿಯ ಕೆಳಗೆ ಇಟ್ಟನು. ಒಂದೇ ಮನೆ, ಒಂದೇ ಸಿಂಹಾಸನ, ಒಂದೇ ದೇವರ ವಾಕ್ಯ. ಕೇಳಿದವರ ಹೃದಯದಲ್ಲಿ ಮಾತ್ರ ಭೇದವಿತ್ತು. ಭಕ್ತನ ಮಗನಾಗಿ ಹುಟ್ಟಿದ್ದರಿಂದಲೇ ವಾಕ್ಯದ ಭಯವು ಬರುವದಿಲ್ಲವೆಂಬದನ್ನು ಎರಡನೆಯ ಮೂರನೆಯ ತಲೆಮಾರಿನ ಕ್ರೈಸ್ತರಾದ ನಮ್ಮ ಯೌವನಸ್ಥರು ಇಲ್ಲಿ ಕಲಿಯಲಿ.

3. ಸುಟ್ಟ ವಾಕ್ಯವು ತಿರಿಗಿ ಬಂದದ್ದು

ಅರಸನು ಸುರುಳಿಯನ್ನು ಸುಟ್ಟನೇ ಹೊರತು ವಾಕ್ಯವನ್ನು ಸುಡಲಾರದೆ ಹೋದನು. ಯೆರೆಮೀಯನು ಮತ್ತೊಂದು ಸುರುಳಿಯನ್ನು ಬಾರೂಕನಿಗೆ ಕೊಟ್ಟು ಎಲ್ಲವನ್ನೂ ತಿರಿಗಿ ಬರೆಯಿಸಿದನು; ಅಂಥಾ ಇನ್ನೂ ಅನೇಕ ಮಾತುಗಳು ಅದರಲ್ಲಿ ಕೂಡಿದವು. ಬೆಂಕಿಯಿಂದ ಪುಸ್ತಕವು ಸಣ್ಣದಾಗಲಿಲ್ಲ, ದೊಡ್ಡದಾಯಿತು.

ನಮ್ಮ ಕನ್ನಡ ಸತ್ಯವೇದದ ಚರಿತ್ರೆಯಲ್ಲಿಯೂ ಒಂದು ಬೆಂಕಿಯುಂಟು. ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಎಂಬ ಮಿಶನರಿಯು ನಮ್ಮ ದೇಶದ ಪಂಡಿತರ ಸಹಾಯದಿಂದ ಅನೇಕ ಭಾಷೆಗಳಲ್ಲಿ ವೇದವನ್ನು ಭಾಷಾಂತರಿಸುತ್ತಿದ್ದನು; ಅವುಗಳಲ್ಲಿ ಕನ್ನಡವೂ ಒಂದು. 1812ನೆಯ ಇಸವಿ ಮಾರ್ಚ್ 11ನೆಯ ತಾರೀಕಿನಲ್ಲಿ ಅಲ್ಲಿಯ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕಾಗದವೂ ಸೀಸದ ಅಕ್ಷರಗಳೂ ಹಸ್ತಪ್ರತಿಗಳೂ ನಾಶವಾದವು. ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟುಹೋಯಿತು. ಅಕ್ಷರಗಳನ್ನು ಎರಕ ಹೊಯ್ಯುವ ಅಚ್ಚುಗಳು ಮಾತ್ರ ಬೂದಿಯೊಳಗೆ ಕೆಡದೆ ಸಿಕ್ಕಿದವು. ಅವರು ಕರಗಿಹೋದ ಸೀಸವನ್ನೇ ತಿರಿಗಿ ಎರಕ ಹೊಯ್ದು, ಬಾರೂಕನಂತೆ ಮೊದಲಿನಿಂದ ಆರಂಭಿಸಿದರು. 1820ರ ದಶಕದಲ್ಲಿ ಶ್ರೀರಾಮಪುರದಿಂದ ಕನ್ನಡ ಹೊಸ ಒಡಂಬಡಿಕೆಯು ಅಚ್ಚಾಗಿ ಹೊರಬಂತು.

ಆದರೆ ನಮ್ಮ ನಾಡಿನೊಳಗೇ ಈ ಕೆಲಸವನ್ನು ಮುಗಿಸಿದವರು ಬಳ್ಳಾರಿಯವರು. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದರು. ಆಗ ಪರದೇಶದವರಿಗೆ ಕನ್ನಡ ಕಲಿಸುವ ಅಚ್ಚಾದ ವ್ಯಾಕರಣಪುಸ್ತಕವೂ ಇರಲಿಲ್ಲ. ಕೇರಿಯ ಕನ್ನಡ ವ್ಯಾಕರಣವು ಅಚ್ಚಾದದ್ದು 1817ರಲ್ಲಿ. ಹ್ಯಾಂಡ್ಸರೂ ಅವರ ಜೊತೆಗೆಲಸದವರಾದ ವಿಲಿಯಂ ರೀವರೂ ಊರಿನವರ ಬಾಯಿಂದ ಮಾತು ಕಲಿತು, ಒಂದೊಂದು ಪುಸ್ತಕವಾಗಿ ಭಾಷಾಂತರಿಸಿ, 1831ರಲ್ಲಿ ಕನ್ನಡ ಸತ್ಯವೇದವನ್ನು ಸಂಪೂರ್ಣ ಮಾಡಿದರು. ಇಪ್ಪತ್ತು ವರುಷಗಳ ಶ್ರಮವು ಆ ಒಂದು ಪುಸ್ತಕದಲ್ಲಿ ಅಡಗಿದೆ.

ಅದಾದ ಮೇಲೆ ಅದನ್ನು ತಿದ್ದಿದರು. ಬಾಸೆಲ್ ಮಿಶನಿನ ವೈಗ್ಲೆ ಎಂಬವರು ಈ ತಿದ್ದುವ ಕೆಲಸದಲ್ಲಿ ಶ್ರಮಪಟ್ಟು 1855ರಲ್ಲಿ ತೀರಿಹೋದರು. ಬೇರೆಯವರು ಅದನ್ನು ಮುಂದಕ್ಕೆ ನಡಿಸಿದರು. ಇಪ್ಪತ್ತನೆಯ ಶತಮಾನದಲ್ಲಿಯೂ ತಿದ್ದುಪಡಿಗಳಾದವು. ಆಡುಮಾತಿಗೆ ಸಮೀಪವಾದ ಹೊಸ ಭಾಷಾಂತರಗಳೂ ಬಂದವು. ಯಾಕೆ ತಿದ್ದಿದರು? ದೇವರು ಮನಸ್ಸನ್ನು ಬದಲಾಯಿಸಿದನೆಂದಲ್ಲ. ಮೊದಲು ಬರೆದವರ ಕನ್ನಡವು ಕೆಲವು ಕಡೆಗಳಲ್ಲಿ ಒರಟಾಗಿತ್ತು. ಇಬ್ರಿಯ ಗ್ರೀಕ್ ಮಾತುಗಳ ಅರ್ಥವು ಕಾಲಕ್ರಮದಲ್ಲಿ ಇನ್ನೂ ಚೆನ್ನಾಗಿ ತಿಳಿದುಬಂತು. ನಮ್ಮ ಕನ್ನಡವೂ ಬದಲಾಯಿತು.

4. ಹಳೆಯ ಪುಸ್ತಕ, ಹೊಸ ಪುಸ್ತಕ

ಈಗ ಅಜ್ಜನ ಪುಸ್ತಕ ಮೊಮ್ಮಗನ ಪುಸ್ತಕಗಳ ಪ್ರಶ್ನೆಗೆ ಬರೋಣ. ಮುಂಬಯಿಯಲ್ಲಿ ಕೆಲಸದಲ್ಲಿರುವ ಮಗನು ಕನ್ನಡದಲ್ಲಿ ಕಾಗದ ಬರೆದನೆಂದು ಇಟ್ಟುಕೊಳ್ಳಿರಿ. ತಾಯಿಗೆ ಓದು ಬಾರದು. ಮನೆಯ ಮಾತು ಕೊಂಕಣಿ. ಶಾಲೆಯ ಮಾಸ್ತರರು ಅದನ್ನು ಓದಿ ಕೊಂಕಣಿಯಲ್ಲಿ ಹೇಳುತ್ತಾರೆ. ಮರುದಿನ ನೆರೆಮನೆಯ ಹುಡುಗಿ ಅದನ್ನೇ ಬೇರೆ ಮಾತುಗಳಲ್ಲಿ ಹೇಳುತ್ತಾಳೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಬದಲಿಸಬೇಕೆಂದು ಮಗನು ಬರೆದಿದ್ದಾನೆ ಎಂಬದು ಎರಡರಿಂದಲೂ ತಾಯಿಗೆ ತಿಳಿಯಿತು. ಮಾಸ್ತರರ ಮಾತೋ ಹುಡುಗಿಯ ಮಾತೋ ಎಂದು ಆಕೆ ತರ್ಕಿಸುತ್ತಾ ಕೂತುಕೊಳ್ಳುವದಿಲ್ಲ. ಮಗನು ಹೇಳಿದ್ದಾನೆಂದು ಹೆಂಚು ಬದಲಿಸುತ್ತಾಳೆ. ಆದರೆ ಯಾರಾದರೂ ಬಂದು ಮಗನು ಗದ್ದೆ ಮಾರಬೇಕೆಂದು ಬರೆದಿದ್ದಾನೆ ಎಂದು ಓದಿದರೆ? ಆಗ ಕಾಗದವನ್ನು ಬೆಳಕಿಗೆ ಹಿಡಿದು ನೋಡಬೇಕು. ಭಾಷಾಂತರಕ್ಕೂ ಇದೇ ನ್ಯಾಯ. ಅದು ದೇವರ ವಾಕ್ಯವನ್ನು ನಮಗೆ ನಿಜವಾಗಿ ತಲಪಿಸುತ್ತದೆ. ಆದರೂ ಮೂಲಭಾಷೆಯ ಗ್ರಂಥದಿಂದ ಶೋಧಿಸಲ್ಪಡುವದಕ್ಕೆ ಅದು ಯಾವಾಗಲೂ ಒಳಪಟ್ಟಿರಬೇಕು.

ಮಂತ್ರದ ಬಲವು ಅದರ ಉಚ್ಚಾರಣೆಯಲ್ಲಿದೆ, ಒಂದು ಅಕ್ಷರ ತಪ್ಪಿದರೆ ಫಲ ತಪ್ಪಿತು ಎಂಬ ನಂಬಿಕೆಯು ನಮ್ಮ ಊರುಗಳಲ್ಲಿ ಬಹುಕಾಲದಿಂದ ಇದೆ. ಆ ನಂಬಿಕೆಯನ್ನು ನಾವು ಅರಿಯದೆ ಸತ್ಯವೇದಕ್ಕೂ ತಂದು ಹಚ್ಚುತ್ತೇವೆ. ಆದರೆ ಪಂಚಾಶತ್ತಮ ದಿನದಲ್ಲಿ ದೇವರು ಮಾಡಿದ್ದೇನು? ಕೂಡಿಬಂದ ಪ್ರತಿಯೊಬ್ಬನೂ ತನ್ನ ಹುಟ್ಟುಭಾಷೆಯಲ್ಲಿ ದೇವರ ಮಹತ್ತುಗಳನ್ನು ಕೇಳುವಂತೆ ಮಾಡಿದನು. ವಾಕ್ಯವು ಕೇಳುವವನ ಮಾತಿನೊಳಗೆ ಬರುವದು ದೇವರಿಗೆ ಕುಂದಲ್ಲ, ಆತನ ಚಿತ್ತವೇ.

ಇನ್ನೊಂದು ಸಂಗತಿಯನ್ನು ಮರೆಮಾಡದೆ ಹೇಳತಕ್ಕದ್ದು. ಹೊಸ ಮುದ್ರಣಗಳಲ್ಲಿ ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಚನಗಳಿಗೂ ಯೋಹಾನನ 8ನೆಯ ಅಧ್ಯಾಯದ ಆರಂಭದ ವೃತ್ತಾಂತಕ್ಕೂ ಕಂಸವನ್ನೋ ಅಡಿಬರಹವನ್ನೋ ಹಾಕಿರುವದನ್ನು ಕೆಲವರು ನೋಡಿ ಕಳವಳಪಡುತ್ತಾರೆ. ಬಹು ಹಳೆಯ ಕೆಲವು ಗ್ರೀಕ್ ಪ್ರತಿಗಳಲ್ಲಿ ಆ ಭಾಗಗಳು ಇಲ್ಲವೆಂಬದೇ ಇದರ ಕಾರಣ. ಅಚ್ಚು ಹುಟ್ಟುವದಕ್ಕೆ ಮುಂಚೆ ಪುಸ್ತಕಗಳನ್ನು ಕೈಯಿಂದ ನಕಲು ಮಾಡುತ್ತಿದ್ದರು. ನಕಲು ಮಾಡುವಾಗ ಅಲ್ಲಲ್ಲಿ ಭೇದಗಳು ಬಂದವು. ಇದನ್ನು ಅಡಗಿಸದೆ ಪುಟದಲ್ಲಿಯೇ ತಿಳಿಸಿರುವದು ಪ್ರಾಮಾಣಿಕತೆಯ ಗುರುತು. ಲೆಕ್ಕವನ್ನು ತೆರೆದಿಡುವ ಪಾರುಪತ್ಯಗಾರನನ್ನು ನಾವು ಹೆಚ್ಚಾಗಿ ನಂಬುತ್ತೇವಲ್ಲವೇ?

ಈ ಪ್ರತಿಗಳು ಎಷ್ಟು ನಂಬಿಕೆಗೆ ಯೋಗ್ಯವಾಗಿವೆ ಎಂಬದಕ್ಕೂ ಸಾಕ್ಷಿ ದೊರೆತಿದೆ. 1947ರಲ್ಲಿ ಲವಣಸಮುದ್ರದ ಬಳಿಯ ಕುಮ್ರಾನಿನ ಗವಿಯಲ್ಲಿ ಹಳೆಯ ಚರ್ಮದ ಸುರುಳಿಗಳು ಸಿಕ್ಕಿದವು. ಅವುಗಳಲ್ಲಿ ಯೆಶಾಯನ ಗ್ರಂಥದ ಪೂರ್ಣ ಸುರುಳಿಯು ಒಂದು. ಅದು ಕ್ರಿಸ್ತನಿಗಿಂತಲೂ ಹಳೆಯದು. ಅದುವರೆಗೆ ತಿಳಿದಿದ್ದ ಇಬ್ರಿಯ ಪ್ರತಿಗಳಿಗಿಂತ ಸುಮಾರು ಸಾವಿರ ವರುಷ ಮುಂಚಿನದು. ಹೋಲಿಸಿ ನೋಡಲಾಗಿ ಅಕ್ಷರಗಳ ಬರವಣಿಗೆಯಲ್ಲಿಯೂ ಸಣ್ಣ ಸಣ್ಣ ಮಾತುಗಳಲ್ಲಿಯೂ ಅನೇಕ ಭೇದಗಳು ಕಂಡವು. ಆದರೆ ಸಾವಿರ ವರುಷಗಳ ನಕಲಿನ ನಂತರವೂ ಗ್ರಂಥವು ಅದೇ ಗ್ರಂಥವಾಗಿಯೇ ಉಳಿದಿತ್ತು.

5. ಒರೆಗಲ್ಲು ಚಿನ್ನವನ್ನು ಮಾಡುವದಿಲ್ಲ

ಯಾವ ಪುಸ್ತಕಗಳು ವೇದದಲ್ಲಿ ಸೇರತಕ್ಕವು ಎಂದು ಗೊತ್ತುಮಾಡಿದವರು ಯಾರು ಎಂದು ಕೇಳುವವರೂ ಇದ್ದಾರೆ. ಕ್ರಿ.ಶ. 367ರಲ್ಲಿ ಅಲೆಕ್ಸಾಂದ್ರಿಯದ ಅಥನಾಸಿಯನು ಸಭೆಗಳಿಗೆ ಬರೆದ ಪತ್ರಿಕೆಯಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ನಾವು ಇಂದು ಓದುವಷ್ಟೇ ಎಣಿಸಿದ್ದಾನೆ. ಆದರೆ ಅವನ ಪತ್ರಿಕೆಯಿಂದ ಅವು ದೇವರ ವಾಕ್ಯವಾಗಲಿಲ್ಲ. ಅದಕ್ಕೆ ಬಹು ಮುಂಚೆಯೇ ಸುವಾರ್ತೆಗಳನ್ನೂ ಪೌಲನ ಪತ್ರಿಕೆಗಳನ್ನೂ ಸಭೆಗಳಲ್ಲಿ ಓದುತ್ತಿದ್ದರು, ಹಿಂಸೆಯ ಕಾಲದಲ್ಲಿ ಪ್ರಾಣಕೊಟ್ಟು ಕಾಯುತ್ತಿದ್ದರು. ಅಕ್ಕಸಾಲಿಗನು ಒರೆಗಲ್ಲಿಗೆ ತಿಕ್ಕಿ ಚಿನ್ನವನ್ನು ಗುರುತಿಸುತ್ತಾನೆ. ಒರೆಗಲ್ಲು ಚಿನ್ನವನ್ನು ಉಂಟುಮಾಡುವದಿಲ್ಲ. ಅಪೊಸ್ತಲರ ಸಾಕ್ಷಿಯೋ, ಎಲ್ಲಾ ಸಭೆಗಳಲ್ಲಿ ಓದಲ್ಪಡುತ್ತದೋ, ಕ್ರಿಸ್ತನ ವಿಷಯವಾದ ನಂಬಿಕೆಗೆ ಒಪ್ಪುತ್ತದೋ ಎಂದು ತಿಕ್ಕಿ ನೋಡಿ ಸಭೆಯು ಅವುಗಳನ್ನು ಗುರುತಿಸಿತು.

ಕಾರವಾರದಲ್ಲಿ ನಮ್ಮ ನೆರೆಯವರಾದ ರೋಮನ್ ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳಿವೆಯಲ್ಲಾ ಎಂದು ಮಕ್ಕಳು ಕೇಳಿದರೆ ಹೀಗೆ ಹೇಳಿರಿ: ಹೊಸ ಒಡಂಬಡಿಕೆಯ 27 ಪುಸ್ತಕಗಳಲ್ಲಿ ಅವರಿಗೂ ನಮಗೂ ಯಾವ ಭೇದವೂ ಇಲ್ಲ. ಹಳೆಯ ಒಡಂಬಡಿಕೆಯಲ್ಲಿ ನಾವು ಯೆಹೂದ್ಯರ ಇಬ್ರಿಯ ವೇದದಲ್ಲಿರುವ ಪುಸ್ತಕಗಳನ್ನು ಮಾತ್ರ ಹಿಡಿದಿದ್ದೇವೆ. ಅವರು ಗ್ರೀಕ್ ಭಾಷೆಯ ಹಳೆಯ ಒಡಂಬಡಿಕೆಯ ಮೂಲಕ ಬಂದ ಏಳು ಪುಸ್ತಕಗಳನ್ನೂ ಸೇರಿಸಿದ್ದಾರೆ. ಇದರ ವಿಷಯದಲ್ಲಿ ಬೇಲಿಯ ಬಳಿಯಲ್ಲಿ ನಿಂತು ಜಗಳವಾಡುವದಕ್ಕಿಂತ, ಇಬ್ಬರೂ ಒಪ್ಪುವ ಸುವಾರ್ತೆಯಂತೆ ನೆರೆಯವರನ್ನು ಪ್ರೀತಿಸುವದು ಲೇಸು.

6. ಅಧಿಕಾರವೆಂದರೇನು?

ಕಾರವಾರದ ಎದುರಿಗೆ ದೇವಗಡ ದ್ವೀಪದ ಮೇಲೆ ದೀಪಸ್ತಂಭವಿದೆ. ಕತ್ತಲಲ್ಲಿ ಬರುವ ದೋಣಿಯವನು ದೀಪವನ್ನು ತನ್ನ ಕಡೆಗೆ ಸರಿಸಲಾರನು. ದೀಪವನ್ನು ನೋಡಿ ತನ್ನ ಚುಕ್ಕಾಣಿಯನ್ನು ತಿರುಗಿಸಬೇಕು. ದೀಪವು ಬಹಳ ಚೆನ್ನಾಗಿದೆ ಎಂದು ಹೊಗಳುತ್ತಾ ಚುಕ್ಕಾಣಿ ತಿರುಗಿಸದವನು ಬಂಡೆಗೆ ತಗಲುವನು. ಸತ್ಯವೇದಕ್ಕೆ ಅಧಿಕಾರವುಂಟೆಂದು ಹೇಳುವದರ ಅರ್ಥವು ಇದೇ.

ಈ ಅಧಿಕಾರವು ಸಭೆಯ ಚಿಕ್ಕವರ ಮೇಲೆ ಮಾತ್ರವಲ್ಲ, ದೊಡ್ಡವರ ಮೇಲೆಯೂ ಇದೆ. 1521ರಲ್ಲಿ ವೊರ್ಮ್ಸ್ ಪಟ್ಟಣದ ಸಭೆಯಲ್ಲಿ ಮಾರ್ಟಿನ್ ಲೂಥರನು ಚಕ್ರವರ್ತಿಯ ಮುಂದೆ ನಿಂತು, ತನ್ನ ಮನಸ್ಸಾಕ್ಷಿಯು ದೇವರ ವಾಕ್ಯಕ್ಕೆ ಕಟ್ಟುಬಿದ್ದದೆಂದು ಹೇಳಿ ತನ್ನ ಬರಹಗಳನ್ನು ಹಿಂತೆಗೆಯಲು ಒಪ್ಪಲಿಲ್ಲ. ಬೆರೋಯದವರು ಪೌಲನಂಥ ಅಪೊಸ್ತಲನ ಬೋಧನೆಯನ್ನು ಸಹ ವೇದದಿಂದ ದಿನಾಲು ಶೋಧಿಸಿ ನೋಡಿದರು; ಅದಕ್ಕಾಗಿ ಅವರಿಗೆ ಹೊಗಳಿಕೆಯೇ ಬಂತು. ಆದದರಿಂದ ಉಪದೇಶಿಗಳಾದ ನಮ್ಮ ಮಾತನ್ನೂ ಅಯ್ಯನವರ ಪ್ರಸಂಗವನ್ನೂ ಹಿರಿಯರ ತೀರ್ಪನ್ನೂ ನೀವು ವೇದಕ್ಕೆ ಹಿಡಿದು ನೋಡಿರಿ. ಅದು ಅವಮರ್ಯಾದೆಯಲ್ಲ.

ಆದರೆ ವಚನವನ್ನು ಕಿತ್ತು ತೋರಿಸುವದೆಲ್ಲಾ ವಿಧೇಯತೆಯಲ್ಲ. ಅಡವಿಯಲ್ಲಿ ಸೈತಾನನೂ ಕರ್ತನಿಗೆ ವೇದದ ಮಾತನ್ನೇ ಎತ್ತಿ ತೋರಿಸಿದನು. ಕರ್ತನು ವೇದವನ್ನು ಬಿಡಲಿಲ್ಲ. ವೇದವನ್ನು ವೇದದಿಂದಲೇ ಸರಿಯಾಗಿ ತಿಳಿಸಿದನು. ನಾವೂ ಕಠಿಣವಾದ ವಚನವನ್ನು ಸ್ಪಷ್ಟವಾದ ವಚನದಿಂದ ತಿಳುಕೊಳ್ಳಬೇಕು. ಒಂದು ವಚನದ ಹಿಂದುಮುಂದನ್ನು ಓದಬೇಕು. ಎಲ್ಲವನ್ನೂ ಕ್ರಿಸ್ತನ ಬೆಳಕಿನಲ್ಲಿ ನೋಡಬೇಕು. ಯಾಕಂದರೆ ವೇದವು ತನ್ನ ವಿಷಯವಾಗಿ ಸಾಕ್ಷಿಕೊಡುತ್ತದೆಂದು ಆತನೇ ಬೋಧಿಸಿದನು. ಹೆಂಡತಿಯನ್ನು ಹೊಡೆಯುವವನು ಅಧೀನತೆಯ ವಚನವನ್ನು ಹುಡುಕಿ ತೋರಿಸಿದರೆ, ಆ ಅಧ್ಯಾಯದಲ್ಲಿಯೇ ಗಂಡನು ಕ್ರಿಸ್ತನಂತೆ ತನ್ನನ್ನು ಒಪ್ಪಿಸಿಕೊಡಬೇಕೆಂಬ ಭಾಗವನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿರಿ.

7. ನಮ್ಮ ಕೈಯಲ್ಲಿರುವ ಚೂರಿ

ನಮ್ಮಲ್ಲಿ ಯಾರೂ ಸತ್ಯವೇದವನ್ನು ಬೆಂಕಿಗೆ ಹಾಕುವದಿಲ್ಲ. ಅದು ಕೈಜಾರಿ ಕೆಳಗೆ ಬಿದ್ದರೆ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಜ್ವರ ಬಂದ ಮಗುವಿನ ತಲೆದಿಂಬಿನ ಕೆಳಗೆ ಇಡುವವರೂ ಇದ್ದಾರೆ. ದಿಂಬಿನ ಕೆಳಗಿನ ಪುಸ್ತಕವು ಮಾತಾಡಲಾರದು, ಪ್ರಿಯರೇ. ಮಗುವನ್ನು ವೈದ್ಯರ ಬಳಿಗೆ ಒಯ್ಯಿರಿ. ಪುಸ್ತಕವನ್ನು ತೆರೆದು ಓದಿರಿ. ಅದರ ದೇವರಿಗೆ ಪ್ರಾರ್ಥಿಸಿರಿ. ಅದನ್ನು ತಾಯತವನ್ನಾಗಿ ಮಾಡುವದು ಅದರ ಬಾಯಿ ಕಟ್ಟುವ ಇನ್ನೊಂದು ವಿಧವೇ.

ಯೆಹೋಯಾಕೀಮನು ಅಂಕಣ ಅಂಕಣವಾಗಿ ಕತ್ತರಿಸಿದನು. ನಾವು ಕತ್ತರಿಸುವದಿಲ್ಲ, ಹಾಳೆಯನ್ನು ಮಗುಚುತ್ತೇವೆ. ಕುರುಬನ ಕೀರ್ತನೆಯನ್ನು ಬಾಯಿಪಾಠ ಮಾಡಿದ ಮನೆಯಲ್ಲಿ, ಕೂಲಿಯವನ ಕೂಲಿಯನ್ನು ಮರುದಿನದವರೆಗೆ ಇಟ್ಟುಕೊಳ್ಳಬಾರದೆಂಬ ಯಾಜಕಕಾಂಡದ ಅಪ್ಪಣೆಯು ಎಷ್ಟು ಸಾರಿ ಓದಲ್ಪಟ್ಟಿದೆ? ಕೊಯಿಲಿನ ಕೂಲಿಗಾಗಿ ಹೆಂಗಸರು ಮೂರು ಸಾರಿ ಅಂಗಳಕ್ಕೆ ಬಂದು ಹೋಗಬೇಕಾದರೆ, ಆ ಅಂಕಣವನ್ನು ಬೆಂಕಿಗೆ ಹಾಕಿದ ಹಾಗಾಯಿತು. ಗಜನಿ ಗದ್ದೆಯ ಕಟ್ಟೆಯನ್ನು ರಾತ್ರಿಯಲ್ಲಿ ಒಂದು ಮೊಳ ನೆರೆಯವನ ಕಡೆಗೆ ಸರಿಸುವವನು, ಗಡಿಯ ಕಲ್ಲನ್ನು ಕೀಳಬಾರದೆಂಬ ಧರ್ಮೋಪದೇಶಕಾಂಡದ ಅಂಕಣವನ್ನು ಸುಟ್ಟನು. ತಮ್ಮನ ಸಂಗಡ ಮೂರು ವರುಷಗಳಿಂದ ಮಾತು ಬಿಟ್ಟವನು ಆದಿತ್ಯವಾರ ಕರ್ತನ ಮೇಜಿಗೆ ಕೈಚಾಚುವಾಗ, ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕೆಂಬ ಕರ್ತನ ಸ್ವಂತ ಅಪ್ಪಣೆಯನ್ನು ಅಗ್ಗಿಷ್ಟಿಕೆಗೆ ಹಾಕಿದನು. ಹಳೆಯ ಜಾತಿಯ ಲೆಕ್ಕದಿಂದ ಒಬ್ಬನಿಗೆ ಚಾಪೆ ಹಾಸಿ ಇನ್ನೊಬ್ಬನನ್ನು ಬಾಗಲಲ್ಲಿ ನಿಲ್ಲಿಸುವ ಸಭೆಯು ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವನ್ನೇ ಹರಿದುಬಿಟ್ಟಿತು. ಇಂಥಾ ಮನೆಗಳಲ್ಲಿ ಪುಸ್ತಕವು ಹಳೆಯ ಮುದ್ರಣವೋ ಹೊಸದೋ ಎಂಬ ತರ್ಕದಿಂದ ಪ್ರಯೋಜನವೇನು? ಎರಡರಲ್ಲಿಯೂ ಈ ಅಪ್ಪಣೆಗಳು ಒಂದೇ.

ಇಲ್ಲಿಯೇ ಪ್ರಶ್ನೆಯ ಪೂರ್ಣ ಉತ್ತರವಿದೆ. ಸತ್ಯವೇದವು ದೇವರ ವಾಕ್ಯವೆಂದು ನಮ್ಮ ನೆರೆಯವರಿಗೆ ತರ್ಕದಿಂದ ಸ್ಥಾಪಿಸಿ ಕೊಡುವದು ಒಂದು ಪಾಲು ಮಾತ್ರ. ಕೂಲಿಯು ಹೊತ್ತು ಮುಳುಗುವದಕ್ಕೆ ಮುಂಚೆ ಕೈಗೆ ಬಂದರೆ, ಕಟ್ಟೆಯು ಮೊದಲಿದ್ದ ಸ್ಥಳಕ್ಕೆ ತಿರಿಗಿ ಹೋದರೆ, ಅಣ್ಣತಮ್ಮಂದಿರು ಒಂದೇ ಚಾಪೆಯ ಮೇಲೆ ಊಟಕ್ಕೆ ಕೂತರೆ, ಈ ಪುಸ್ತಕದ ಹಿಂದೆ ಜೀವಿಸುವ ದೇವರಿದ್ದಾನೆಂಬದನ್ನು ಓದು ಬಾರದವನೂ ಓದುವನು.

ಆದದರಿಂದ ಪ್ರತಿ ಮನೆಯಲ್ಲಿ ಸಾಯಂಕಾಲ ದೀಪ ಹಚ್ಚಿದ ಮೇಲೆ ಒಂದು ಅಧ್ಯಾಯವನ್ನು ಕ್ರಮವಾಗಿ, ಬೇಕಾದದ್ದನ್ನು ಆರಿಸದೆ ಬೇಡವಾದದ್ದನ್ನು ಬಿಡದೆ, ಓದಿರಿ. ಓದು ಬಲ್ಲವರು ಬಾರದವರಿಗಾಗಿ ಓದಲಿ. ಮನೆಯ ಮಾತು ಕೊಂಕಣಿಯಾಗಿದ್ದರೆ ಓದಿದ್ದನ್ನು ಕೊಂಕಣಿಯಲ್ಲಿ ತಿಳಿಸಿರಿ. ಓದಿದ ಮೇಲೆ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿರಿ: ನಾಳೆ ಬೆಳಿಗ್ಗೆ ನಾವು ಮಾಡತಕ್ಕದ್ದೇನು?

ಸಭೆಯಲ್ಲಿ ಕೇಳತಕ್ಕ ಪ್ರಶ್ನೆಗಳು

1. ಸುರುಳಿಯು ಹೇಗೆ ಬರೆಯಲ್ಪಟ್ಟಿತೆಂದು ಬಾರೂಕನು ಹೇಳಿದನು? ಇದರಿಂದ ದೈವಪ್ರೇರಣೆಯ ವಿಷಯವಾಗಿ ಏನು ತಿಳಿಯುತ್ತದೆ?

2. ಯೋಷೀಯನೂ ಅವನ ಮಗನೂ ವಾಕ್ಯವನ್ನು ಕೇಳಿ ಏನೇನು ಮಾಡಿದರು?

3. 1812ರಲ್ಲಿ ಶ್ರೀರಾಮಪುರದಲ್ಲಿ ಏನಾಯಿತು? ಸಂಪೂರ್ಣ ಕನ್ನಡ ಸತ್ಯವೇದವು ಯಾವ ವರುಷದಲ್ಲಿ, ಯಾರ ಶ್ರಮದಿಂದ ಆಯಿತು?

4. ಭಾಷಾಂತರಗಳಲ್ಲಿ ಮಾತುಗಳು ಬೇರೆಯಾಗಿದ್ದರೂ ವಾಕ್ಯವು ದೇವರದೇ ಎಂದು ಹೇಗೆ ಹೇಳಬಹುದು?

5. ಒರೆಗಲ್ಲಿನ ಸಾಮ್ಯದಿಂದ ಏನು ತಿಳಿಯುತ್ತದೆ?

6. ನಮ್ಮ ಸಭೆಯಲ್ಲಿ ಬಹುಕಾಲದಿಂದ ಓದದೆ ಮಗುಚಿಬಿಟ್ಟ ಹಾಳೆ ಯಾವದು? ಇದಕ್ಕೆ ಬಾಯಿಂದ ಉತ್ತರ ಕೊಡಬೇಕಾದದ್ದಿಲ್ಲ. ಮನೆಗೆ ಹೋಗಿ ಆ ಹಾಳೆಯನ್ನು ತೆರೆಯಿರಿ.